ಚದುರಿದವರು ಸೂರಗೊಂಡನಕೊಪ್ಪಕ್ಕೆ ಮರಳುವುದು ಯಾಕೆ?

ಫೆಬ್ರವರಿ ಬಂತು ಅಂದರೆ ದಾವಣಗೆರೆ ಜಿಲ್ಲೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ರಸ್ತೆ ತುಂಬಾ ಲಂಬಾಣಿಗರು. ಮಾಲೆ ಹಾಕಿಕೊಂಡು ನಡೆದೇ ಬರುವವರಿದ್ದಾರೆ, ಮಹಾರಾಷ್ಟ್ರ, ತೆಲಂಗಾಣದಿಂದ ಗಾಡಿ ಮಾಡಿಕೊಂಡು ಬರುವವರೂ ಇದ್ದಾರೆ. 1739ರ ಫೆಬ್ರವರಿ 15ರಂದು ತಮ್ಮ ಸಮುದಾಯದ ಗುರು ಸಂತ ಸೇವಾಲಾಲರು ಹುಟ್ಟಿದ ಜಾಗ ಇದು ಅನ್ನುವುದು ಅವರ ನಂಬಿಕೆ.

ಇವರು ಇಷ್ಟು ಚದುರಿದ್ದು ಸುಮ್ನೆ ಅಲ್ಲ. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಊರೂರು ಸುತ್ತುವುದೇ ಬದುಕಾಗಿತ್ತು. ಮೊಘಲರ ದಂಡಿನ ಹಿಂದೆ ದಖ್ಖನ್ನಿಗೆ ಬಂದರು. ಕಾರ್ನ್‌ವಾಲಿಸ್ ಟಿಪ್ಪುವಿನ ಮೇಲೆ ದಂಡೆತ್ತಿ ಬಂದಾಗಲೂ ದವಸ ಒದಗಿಸಿದವರಲ್ಲಿ ಇವರಿದ್ದರು. ಆಮೇಲೆ ರೈಲು ಬಂತು, ಎತ್ತಿನ ಹೇರು ಯಾರಿಗೂ ಬೇಡವಾಯಿತು. ಅದು ಸಾಲದು ಅಂತ ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟು ಕಾಯ್ದೆ ತಂದರು, ಲಂಬಾಣಿಗರ, ಅಂದರೆ ಬಂಜಾರರ, ಹಲವು ಗುಂಪುಗಳೂ ಅದರಡಿ ಬಂದವು. ಹುಟ್ಟಿನಿಂದಲೇ ಕಳ್ಳರು ಅನ್ನುವ ಆ ಹಣೆಪಟ್ಟಿ ಕಾನೂನಿನಲ್ಲಿ ಹೋಗಿದ್ದು 1952ರಲ್ಲಿ. ಜನರ ಬಾಯಿಂದ ಹೋಗಲು ಅದಕ್ಕಿಂತ ಜಾಸ್ತಿ ಕಾಲ ಬೇಕಾಯಿತು, ಇದನ್ನು ನಾವು ಒಪ್ಪಿಕೊಳ್ಳಲೇಬೇಕು.

ತಾಂಡಾ ಕಟ್ಟಿಕೊಂಡು ನೆಲೆ ನಿಂತರೂ ಮಳೆ ನಂಬಿದ ಜಮೀನು ಹೊಟ್ಟೆ ತುಂಬಿಸಲಿಲ್ಲ. ಹಾಗಾಗಿ ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಇವತ್ತಿಗೂ ಗುಳೆ ಹೋಗುತ್ತಾರೆ. ಹಬ್ಬಕ್ಕೆ ಮಾತ್ರ ತಾಂಡಾಕ್ಕೆ ಬರಲೇಬೇಕು. ಅವರ ಭಾಷೆ ಗೋರ್ ಬೋಲಿಗೆ ಸ್ವಂತ ಲಿಪಿ ಇಲ್ಲ, ಹಾಡು, ಕತೆ ಎಲ್ಲ ಬಾಯಿಂದ ಬಾಯಿಗೆ ದಾಟಿದ್ದು, ಹೀಗೆ ಸೇರುವುದೇ ತಪ್ಪಿದ್ದರೆ ಅವು ಉಳಿಯುತ್ತಿರಲಿಲ್ಲ.

ತೀಜ್ ಹಬ್ಬವನ್ನೇ ನೋಡಿ. ಮದುವೆಯಾಗದ ಹುಡುಗಿಯರು ಬಿದಿರ ಬುಟ್ಟಿಗೆ ಮಣ್ಣು, ಗೊಬ್ಬರ ತುಂಬಿ ಗೋಧಿ ಬಿತ್ತುತ್ತಾರೆ. ಒಂಬತ್ತು ದಿನ ಹಾಡು ಹೇಳುತ್ತಾ ನೀರು ಹಾಕುತ್ತಾರೆ. ಮೊಳಕೆ ಎತ್ತರಕ್ಕೆ ಬಂದ ಮೇಲೆ ನೀರಿಗೆ ಬಿಡುತ್ತಾರೆ. ಅಜ್ಜಿ ಹೇಳಿದ್ದನ್ನು ಮೊಮ್ಮಗಳು ಹೇಳುತ್ತಾಳೆ, ತಪ್ಪಿದರೆ ಅಲ್ಲೇ ತಿದ್ದುತ್ತಾರೆ. ಮದುವೆಯಲ್ಲಿ ಹೆಣ್ಣು ತವರಿನವರನ್ನು ತಬ್ಬಿ ಅಳುತ್ತಾ ಹಾಡುವ ಢಾವಲೋ ಕೂಡ ಹೀಗೇ ಕಲಿತದ್ದು. ಆದರೆ ಈಗ ಡಿಜೆ ಸದ್ದಿನಲ್ಲಿ ಢಾವಲೋ ಯಾರಿಗೆ ಕೇಳಿಸೀತು?

ಕಸೂತಿಯ ಕತೆ ಸ್ವಲ್ಪ ಬೇರೆ. ಕನ್ನಡಿ, ಕವಡೆ, ಬಣ್ಣದ ನೂಲು ಸೇರಿಸಿ ಹೊಲಿದ ಕಾಂಚಳಿ (ರವಿಕೆ), ಫೇಟಿಯಾ (ಲಂಗ) ಮೊದಲು ಮನೆಯವರಿಗಷ್ಟೇ. ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಹೆಂಗಸರು ಅದನ್ನೇ ದುಡಿಮೆ ಮಾಡಿಕೊಂಡರು, 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಜಿಐ ಟ್ಯಾಗ್, ಅಂದರೆ ಇದು ಆ ಊರಿನದೇ ಅನ್ನುವ ಕಾನೂನಿನ ಗುರುತು, ಸಿಕ್ಕಿತು. 2023ರಲ್ಲಿ ಹಂಪಿಯ ಜಿ20 ಸಭೆ ಹೊತ್ತಿಗೆ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೂ ಸೇರಿತು. ದಾಖಲೆ ಸಂತೋಷವೇ, ಆದರೆ ದಿನಗಟ್ಟಲೆ ಕೂತು ಹೊಲಿದವಳ ಕೂಲಿ ಏರಿದರೆ ಮಾತ್ರ ಅವಳ ಮಗಳು ಸೂಜಿ ಹಿಡಿಯುತ್ತಾಳೆ, ಅಲ್ವಾ?

ಹಾಡಿಗೆ ಜಿಐ ಟ್ಯಾಗೂ ಇಲ್ಲ, ಮಾರುಕಟ್ಟೆಯೂ ಇಲ್ಲ. ಅದಕ್ಕೇ ಹಬ್ಬಕ್ಕೆ ಊರಿಗೆ ಬರುವ ಹುಡುಗರು ಅಜ್ಜಿಯರ ಹಾಡನ್ನು ಮೊಬೈಲಿನಲ್ಲಿ ಹಿಡಿದು, ಕನ್ನಡ ಅಕ್ಷರದಲ್ಲಿ ಬರೆದು, ಹಾಡಿದವರ ಹೆಸರನ್ನೂ ತಾಂಡಾದ ಹೆಸರನ್ನೂ ಜೊತೆಗಿಡಬೇಕು. ಮುಂದಿನ ತೀಜ್‌ಗೇ ಶುರು ಮಾಡಬಹುದು.