ಬ್ಯಾಕ್ ಅಂದ್ರೇನು? ದೊಡ್ಡ ಡಿಎನ್ಎ ತುಂಡಿಗೆ ಅದನ್ನೇ ಯಾಕೆ ಆರಿಸ್ತಾರೆ?

ಬ್ಯಾಕ್ಟೀರಿಯಲ್ ಆರ್ಟಿಫಿಶಿಯಲ್ ಕ್ರೋಮೋಸೋಮ್, ಚಿಕ್ಕದಾಗಿ ಬ್ಯಾಕ್. ಹೆಸರು ಕೇಳಿ ನಿಜವಾದ ಕ್ರೋಮೋಸೋಮ್ ಅಂದ್ಕೋಬೇಡಿ, ಇದು ಇ.ಕೋಲಿ ಬ್ಯಾಕ್ಟೀರಿಯಾದ ಎಫ್ ಫ್ಯಾಕ್ಟರ್ ಅನ್ನೋ ಪ್ಲಾಸ್ಮಿಡ್‌ನಿಂದ (ಕ್ರೋಮೋಸೋಮ್ ಬಿಟ್ಟು ಬೇರೆಯಾಗಿರೋ ಉಂಗುರದಂಥ ಡಿಎನ್ಎ) ಮಾಡಿರೋ ವೆಕ್ಟರ್, ಅಂದ್ರೆ ನಮಗೆ ಬೇಕಾದ ಡಿಎನ್ಎನ ಹೊತ್ಕೊಂಡು ಬ್ಯಾಕ್ಟೀರಿಯಾ ಒಳಗೆ ಹೋಗಿ ಅಲ್ಲೇ ಕಾಪಿ ಆಗ್ತಾ ಇರೋ ಗಾಡಿ.

ಮಾಮೂಲಿ ಪ್ಲಾಸ್ಮಿಡ್‌ಗೆ 10 ಕಿಲೋಬೇಸ್ (ಒಂದು ಕಿಲೋಬೇಸ್ ಅಂದ್ರೆ ಡಿಎನ್ಎಯ ಸಾವಿರ ಅಕ್ಷರ) ದಾಟಿದ್ರೆ ಕಷ್ಟ ಶುರು. ಕಾಸ್ಮಿಡ್ ಅನ್ನೋ ಇನ್ನೊಂದು ವೆಕ್ಟರ್ ಸುಮಾರು 35ರಿಂದ 45 ತಗೊಳ್ಳತ್ತೆ, ಅದಕ್ಕಿಂತ ಜಾಸ್ತಿ ಆಗಲ್ಲ, ಯಾಕಂದ್ರೆ ಅದನ್ನ ಲ್ಯಾಂಬ್ಡಾ ಫೇಜ್ ಅನ್ನೋ, ಬ್ಯಾಕ್ಟೀರಿಯಾಗೆ ಹತ್ತೋ ವೈರಸ್‌ನ ತಲೆಯೊಳಗೆ ತುಂಬಬೇಕು, ಆ ತಲೆಯಲ್ಲಿ ಇರೋದೇ ಅಷ್ಟು ಜಾಗ.

1987ರಲ್ಲಿ ಯೀಸ್ಟ್‌ನ ಯಾಕ್ (ಯೀಸ್ಟ್ ಆರ್ಟಿಫಿಶಿಯಲ್ ಕ್ರೋಮೋಸೋಮ್) ಬಂತು, 1000 ಕಿಲೋಬೇಸ್ ಕೂಡ ಹೊರತ್ತೆ. ಆದ್ರೆ ಎಲ್ಲೆಲ್ಲಿಯದೋ ಎರಡು ತುಂಡು ಒಂದೇ ಕ್ಲೋನ್‌ನಲ್ಲಿ (ಒಂದು ವೆಕ್ಟರ್ ಹೊತ್ತು ಕಾಪಿ ಮಾಡಿದ ತುಂಡಿನಲ್ಲಿ) ಅಂಟ್ಕೊಂಡು ಬರೋದು ಅದರಲ್ಲಿ ತುಂಬಾ ಜಾಸ್ತಿ, ಅದನ್ನ ನಂಬಿ ಜೀನೋಮ್ ಮ್ಯಾಪ್ ಮಾಡಿದ್ರೆ ಇರಬಾರದ ಕಡೆ ಬೇರೆ ಯಾವುದೋ ಜೀನ್ ಕೂತಿರತ್ತೆ. 1992ರಲ್ಲಿ ಕ್ಯಾಲ್ಟೆಕ್‌ನ ಶಿಜುಯಾ, ಸೈಮನ್ ತಂಡ ಮಾಡಿದ ಬ್ಯಾಕ್ ಹೊರೋದು 300ರ ತನಕ ಅಷ್ಟೇ, ಆದ್ರೂ ಮಾನವ ಜೀನೋಮ್ ಪ್ರಾಜೆಕ್ಟ್‌ನಲ್ಲಿ ಮುಖ್ಯವಾಗಿ ನೆಚ್ಚಿಕೊಂಡಿದ್ದು ಇದನ್ನೇ. ಕಾರಣ, ಒಂದು ಸೆಲ್‌ನಲ್ಲಿ ಇದರ ಒಂದೋ ಎರಡೋ ಕಾಪಿ ಮಾತ್ರ ಇರತ್ತೆ. ನೂರಾರು ಕಾಪಿ ಇದ್ರೆ ಒಂದೇ ಥರದ ಸೀಕ್ವೆನ್ಸ್‌ಗಳು ಪರಸ್ಪರ ಅದಲುಬದಲಾಗಿ ತುಂಡು ಕಳ್ಕೊಳ್ಳೋ ಚಾನ್ಸ್ ಜಾಸ್ತಿ, ಇಲ್ಲಿ ಅದು ಕಡಿಮೆ. ನನ್ನ ಮಟ್ಟಿಗೆ ಬ್ಯಾಕ್‌ನ ನಿಜವಾದ ಬೆಲೆ ಇರೋದು ಸೈಜ್‌ನಲ್ಲಲ್ಲ, ಇಲ್ಲೇ.

ಕಾಪಿ ಕಡಿಮೆ ಅಂದ್ಮೇಲೆ ಡಿಎನ್ಎ ಕೂಡ ಸ್ವಲ್ಪವೇ ಸಿಗತ್ತೆ, ಜಾಸ್ತಿ ಕಲ್ಚರ್ ಬೆಳೆಸಬೇಕು. ದೊಡ್ಡ ಡಿಎನ್ಎ ಅಂದ್ರೆ ಉದ್ದನೆ ನೂಲಿದ್ದ ಹಾಗೆ, ಪಿಪೆಟ್‌ನ (ದ್ರವ ಎಳೆಯೋ ಕೊಳವೆ) ಸಣ್ಣ ಟಿಪ್‌ನಲ್ಲಿ ರಭಸವಾಗಿ ಎಳೆದ್ರೇ ತುಂಡಾಗತ್ತೆ, ಅದಕ್ಕೇ ಟಿಪ್ ತುದಿನ ಬ್ಲೇಡ್‌ನಲ್ಲಿ ಕತ್ತರಿಸಿ ಬಾಯಿ ಅಗಲ ಮಾಡ್ಕೊಂಡು ನಿಧಾನಕ್ಕೆ ಎಳೀತಾರೆ, ಸೆಲ್‌ಗಳನ್ನ ಅಗರೋಸ್ ಅನ್ನೋ ಜೆಲ್ಲಿಯ ಅಚ್ಚಲ್ಲಿ ಹೆಪ್ಪುಗಟ್ಟಿಸಿ ಅದರೊಳಗೇ ಒಡೀತಾರೆ.

ಹಾಗಾದ್ರೆ ಯಾವುದನ್ನ ಆರಿಸೋದು? ಮೊದಲು ಜೀನ್‌ನ ಯಾವ ಭಾಗ ಬೇಕು ಅಂತ ಕೇಳ್ಕೊಳ್ಳಿ. ಉದಾಹರಣೆಗೆ, ಸ್ತನ ಕ್ಯಾನ್ಸರ್‌ಗೆ ಸಂಬಂಧಿಸಿದ ಬಿಆರ್‌ಸಿಎ1 ಜೀನ್ ಜೀನೋಮ್‌ನಲ್ಲಿ ಸುಮಾರು 80 ಕಿಲೋಬೇಸ್, ಅದನ್ನ ಕಂಟ್ರೋಲ್ ಮಾಡೋ ಅಕ್ಕಪಕ್ಕದ ಭಾಗಾನೂ ಸೇರಿಸಿ ಬೇಕಂದ್ರೆ ಬ್ಯಾಕ್, ಬರೀ ಪ್ರೋಟೀನ್ ಮಾಡಿಸೋಕೆ ಸಿಡಿಎನ್ಎ (ಜೀನ್‌ನ ಆರ್‌ಎನ್ಎಯಿಂದ ಮಾಡಿದ, ಮಧ್ಯದ ಬೇಡದ ಭಾಗ ಇಲ್ಲದ ಕಾಪಿ) ಸಾಕು ಅಂದ್ರೆ ಪ್ಲಾಸ್ಮಿಡ್ಡೇ ಆಗತ್ತೆ. ಸ್ನಾಯುಗಳಿಗೆ ಬೇಕಾದ ಡಿಸ್ಟ್ರೋಫಿನ್ ಜೀನ್ 2000 ಕಿಲೋಬೇಸ್‌ಗೂ ಮೇಲೆ, ಅದು ಪೂರ್ತಿ ಬೇಕಂದ್ರೆ ಒಂದು ಬ್ಯಾಕ್‌ಗೆ ಹಿಡಿಸಲ್ಲ, ಒಂದರ ತುದಿ ಇನ್ನೊಂದರ ಮೇಲೆ ಬರೋ ಹಾಗೆ ಸಾಲಾಗಿ ಹಲವು ಕ್ಲೋನ್ ಹಿಡೀಬೇಕು.