ಪದ ಪರಿಚಯ: ಹ್ಯಾಪ್ಟೊಗ್ಲೋಬಿನ್

ಪಿತ್ತಜನಕಾಂಗ ತಯಾರಿಸಿ ರಕ್ತಕ್ಕೆ ಬಿಡುವ ಒಂದು ಪ್ರೋಟೀನ್ ಹ್ಯಾಪ್ಟೊಗ್ಲೋಬಿನ್. ಆರೋಗ್ಯವಾಗಿರುವ ಕುರಿಯ ರಕ್ತದಲ್ಲಿ ಇದು ಇದೆಯೋ ಇಲ್ಲವೋ ಎನ್ನುವಷ್ಟು ಕಡಿಮೆ. ಮರಿಯ ಹೊಕ್ಕುಳು ಕೀವುಗಟ್ಟಲಿ, ನ್ಯುಮೋನಿಯಾ ತಗುಲಲಿ, ಎರಡು ಮೂರು ದಿನಗಳೊಳಗೆ ಇದರ ಮಟ್ಟ ಹತ್ತಾರು ಪಟ್ಟು ಏರುತ್ತದೆ. ಉರಿಯೂತ ಇದೆಯೇ ಎಂದು ತಿಳಿಯಲು ಮನುಷ್ಯರಿಗೆ ಮಾಡಿಸುವ ಸಿಆರ್‌ಪಿ ಪರೀಕ್ಷೆ ಕುರಿಗಳಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಆ ಕೆಲಸ ಹ್ಯಾಪ್ಟೊಗ್ಲೋಬಿನ್‌ನದು. ಜೊತೆಗೆ ಸೀರಮ್ ಅಮೈಲಾಯ್ಡ್-ಎ ಎಂಬ ಇನ್ನೊಂದು ಪ್ರೋಟೀನೂ ಇದೆ, ಅದು ಇನ್ನೂ ಚುರುಕು: ಕೆಲವೇ ಗಂಟೆಗಳಲ್ಲಿ ಏರಿ ಬೇಗ ಇಳಿಯುತ್ತದೆ.

ಈ ಏರಿಕೆ ಸುಮ್ಮನೆ ಅಲ್ಲ. ಕೆಂಪು ರಕ್ತಕಣ ಒಡೆದಾಗ ಹೊರಬೀಳುವ ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣವಿರುತ್ತದೆ, ಬ್ಯಾಕ್ಟೀರಿಯಾ ಬೆಳೆಯಲು ಆ ಕಬ್ಬಿಣ ಬೇಕು. ಹ್ಯಾಪ್ಟೊಗ್ಲೋಬಿನ್ ಆ ಹಿಮೋಗ್ಲೋಬಿನ್ನನ್ನು ಹಿಡಿದುಕೊಂಡು, ಕಬ್ಬಿಣ ಅವುಗಳ ಕೈಗೆ ಸಿಗದಂತೆ ಮಾಡುತ್ತದೆ.

ಆದರೆ ಎಳೆಯ ಮರಿಯ ವಿಷಯದಲ್ಲಿ ಇದೊಂದನ್ನೇ ಅಳೆದರೆ ಅರ್ಧ ಕಥೆ ಮಾತ್ರ ತಿಳಿದಂತೆ. ಕುರಿಯ ಮಾಸು ತಾಯಿಯ ಪ್ರತಿಕಾಯಗಳನ್ನು ಗರ್ಭದಲ್ಲಿರುವ ಮರಿಗೆ ದಾಟಿಸುವುದಿಲ್ಲ. ಹಾಗಾಗಿ ಮರಿ ಹುಟ್ಟುವಾಗ ಅದರ ರಕ್ತದಲ್ಲಿ ರಕ್ಷಣೆ ಇಲ್ಲವೆಂದೇ ಹೇಳಬೇಕು. ಎಲ್ಲವೂ ಬರಬೇಕಾದದ್ದು ಗಿಣ್ಣು ಹಾಲಿನಿಂದ. ಕರುಳು ಪ್ರತಿಕಾಯಗಳನ್ನು ಇಡಿಯಾಗಿ ಹೀರಿಕೊಳ್ಳುವುದು ಹೆಚ್ಚುಕಡಿಮೆ ಮೊದಲ 24 ಗಂಟೆ ಮಾತ್ರ, ಅದರಲ್ಲೂ ಮೊದಲ ಆರು ಗಂಟೆ ಬಹಳ ಮುಖ್ಯ. ಮೂರು ಕಿಲೋ ತೂಗುವ ಮರಿಗೆ ಒಂದು ಸಲಕ್ಕೆ ಸುಮಾರು 150 ಮಿಲಿಲೀಟರಿನಂತೆ ಮೊದಲ ದಿನ 600 ಮಿಲಿಲೀಟರ್ ಗಿಣ್ಣು ಸೇರಬೇಕು. ಅವಳಿ ಮರಿಗಳಲ್ಲಿ ಬಡವಾದದ್ದು ಹಿಂದೆ ಬೀಳುವುದೇ ಇಲ್ಲಿ.

ಗಿಣ್ಣು ಸೇರಿತೇ ಎಂಬುದನ್ನೂ ರಕ್ತವೇ ಹೇಳುತ್ತದೆ. ಗಿಣ್ಣಿನಲ್ಲಿ ಮುಖ್ಯವಾಗಿರುವ ಐಜಿಜಿ ಎಂಬ ಪ್ರತಿಕಾಯವನ್ನು ನೇರವಾಗಿ ಅಳೆಯಬಹುದು. ಪ್ರತಿಕಾಯಗಳೂ ಪ್ರೋಟೀನುಗಳೇ, ಹಾಗಾಗಿ ಸೀರಮ್‌ನ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯ) ಒಂದು ಹನಿಯನ್ನು ರಿಫ್ರಾಕ್ಟೋಮೀಟರ್ ಎಂಬ, ಬೆಳಕು ಬಾಗುವುದನ್ನು ಅಳೆಯುವ ಉಪಕರಣದಲ್ಲಿಟ್ಟು ಒಟ್ಟು ಪ್ರೋಟೀನ್ ನೋಡಿ ಅಂದಾಜಿಸಬಹುದು. ಗಿಣ್ಣಿನಲ್ಲಿ ಜಿಜಿಟಿ ಎಂಬ ಕಿಣ್ವ ಹೇರಳವಾಗಿರುವುದರಿಂದ, ಚೆನ್ನಾಗಿ ಕುಡಿದ ಮರಿಯ ರಕ್ತದಲ್ಲಿ ಮೊದಲ ದಿನಗಳಲ್ಲಿ ಅದೂ ಏರಿರುತ್ತದೆ.

ಪ್ರತಿಕಾಯ ಕಡಿಮೆ, ಹ್ಯಾಪ್ಟೊಗ್ಲೋಬಿನ್ ಹೆಚ್ಚು: ಈ ಜೋಡಿ ಕಂಡರೆ ತಡಮಾಡುವಂತಿಲ್ಲ. ಸೋಂಕು ಎಲ್ಲಿದೆ ಎಂಬುದನ್ನು ಮಾತ್ರ ಹ್ಯಾಪ್ಟೊಗ್ಲೋಬಿನ್ ಹೇಳುವುದಿಲ್ಲ, ಸೋಂಕಿಲ್ಲದ ಗಾಯಕ್ಕೂ ಅದು ಏರುತ್ತದೆ. ಹೊಕ್ಕುಳನ್ನು ಮುಟ್ಟಿ ನೋಡಬೇಕು, ಮೊಣಕಾಲಿನ ಕೀಲು ಊದಿದೆಯೇ ಎಂದು ಒತ್ತಿ ನೋಡಬೇಕು, ಉಸಿರಾಟಕ್ಕೆ ಕಿವಿಗೊಡಬೇಕು.