ಬಾಯಿ ನೋಡಿ ಬಲೆ ಹಾಕಿ: ಹಳ್ಳದ ಸಣ್ಣ ಮೀನುಗಳ ಗುರುತು

ಚಿತ್ತಾಪುರದ ಕಡೆ ಕಾಗಿಣಾ ನದಿಗೆ ಸೇರುವ ಒಂದು ಹಳ್ಳದಲ್ಲಿ, ಈ ಚಳಿಗಾಲದ ನಾಲ್ಕು ಭಾನುವಾರ ಅಕ್ಕನ ಮಗಳು ಮತ್ತು ಅವಳ ಇಬ್ಬರು ಗೆಳತಿಯರ ಜೊತೆ ಮೊಣಕಾಲು ನೀರಿನಲ್ಲಿ ನಿಂತು ಕಲಿತದ್ದು ಇಷ್ಟು. ನಾನೂ ಕಲಿಯುವವನೇ. ನಿಮ್ಮ ಮನೆಯ ಮಕ್ಕಳನ್ನು ಕರೆದುಕೊಂಡು ಹೋಗುವ ಮುನ್ನ ಒಮ್ಮೆ ಓದಿಕೊಳ್ಳಿ.

ಮೊದಲ ಭಾನುವಾರ ಪೂರ್ತಿ ವ್ಯರ್ಥವಾಯಿತು. ಹಿಡಿದ ಪ್ರತಿ ಮೀನಿನ ಬಣ್ಣ ಬರೆದುಕೊಂಡೆವು. ಮನೆಗೆ ಬಂದು ನೋಡಿದರೆ ಹನ್ನೊಂದು ಸಾಲುಗಳಲ್ಲಿ ಒಂಬತ್ತು ‘ಬೆಳ್ಳಿ’. ಹೆದರಿದ ಮೀನು ಬಿಳಿಚಿಕೊಳ್ಳುತ್ತದೆ, ಕೆಸರಿನಲ್ಲಿದ್ದದ್ದು ಮಂಕಾಗುತ್ತದೆ, ಮೊಟ್ಟೆಯಿಡುವ ಕಾಲಕ್ಕೆ ಗಂಡಿಗೆ ರಂಗು ಏರುತ್ತದೆ. ಹೀಗಿರುವಾಗ ಬಣ್ಣವನ್ನು ನಂಬಿ ಹೆಸರು ಹೇಳುವುದು ಹೇಗೆ? ದಂಡೆಯಲ್ಲಿ ಬಲೆ ಹೊಲಿಯುತ್ತ ಕುಳಿತಿದ್ದ ಅಜ್ಜ ನಮ್ಮ ಪುಸ್ತಕ ನೋಡಿ ನಕ್ಕರು. “ಬಣ್ಣ ಯಾಕೆ ನೋಡುತ್ತೀರಿ, ತಮ್ಮಾ? ಬಾಯಿ ನೋಡು. ಎಲ್ಲಿ ತಿನ್ನುತ್ತದೋ ಅಲ್ಲಿಗೇ ಅದರ ಬಾಯಿ ತಿರುಗಿರುತ್ತದೆ. ಬಲೆಯನ್ನೂ ಅಲ್ಲಿಗೇ ಹಾಕು.”

ಎರಡನೆಯ ಭಾನುವಾರದಿಂದ ನಾವು ಹಿಡಿದದ್ದು ಈ ಒಂದೇ ಸೂತ್ರ. ಹಿಡಿಯುವುದು, ಗುರುತಿಸುವುದು ಎರಡೂ ಒಂದೇ ಪಾಠವಾಯಿತು.

ಬಾಯಿ ಮೇಲಕ್ಕೆ ತೆರೆದಿದ್ದರೆ ಅದು ನೀರಿನ ಮೇಲ್ಪದರದ ಮೀನು. ಚಪ್ಪಟೆ ತಲೆಯ ಆಪ್ಲೋಕೈಲಸ್ ಇದಕ್ಕೆ ಒಳ್ಳೆಯ ಉದಾಹರಣೆ. ಮೇಲಿನಿಂದ ನೋಡಿದರೆ ನೆತ್ತಿಯ ಮೇಲೆ ಹೊಳೆಯುವ ಬಿಳಿ ಚುಕ್ಕೆ ಕಾಣುತ್ತದೆ, ಆದ್ದರಿಂದ ಹಿಡಿಯದೆಯೇ ಗುರುತಿಸಬಹುದು. ಸೊಳ್ಳೆಯ ಮರಿಗಳನ್ನು ತಿನ್ನುವ ನಮ್ಮದೇ ಮೀನು ಇದು. ಇಂಥದ್ದು ಇಲ್ಲಿರುವಾಗ ಸೊಳ್ಳೆ ತಿನ್ನಲೆಂದು ಅಮೆರಿಕದ ಗ್ಯಾಂಬೂಸಿಯಾವನ್ನು ತಂದು ಕೆರೆ, ಬಾವಿಗಳಿಗೆ ಬಿಟ್ಟದ್ದು ನನಗೆ ಇಂದಿಗೂ ಅರ್ಥವಾಗಿಲ್ಲ. ಗ್ಯಾಂಬೂಸಿಯಾಕ್ಕೆ ನೆತ್ತಿಯ ಚುಕ್ಕೆ ಇಲ್ಲ, ಅದು ಮೊಟ್ಟೆಯಿಡದೆ ಮರಿ ಹಾಕುತ್ತದೆ. ಎದೆಯನ್ನು ದಾಟುವಷ್ಟು ಉದ್ದದ ಮೀಸೆಯ ಎಸೋಮಸ್ ಕೂಡ ಮೇಲ್ಪದರದ್ದೇ. ಇವುಗಳಿಗೆ ಅಡುಗೆಮನೆಯ ಹಳೆಯ ಜರಡಿ ಸಾಕು. ಮೇಲಿನಿಂದ ಬಡಿಯಬೇಡಿ. ಮೊದಲೇ ನೀರಿನಲ್ಲಿ ಮುಳುಗಿಸಿ ಹಿಡಿದುಕೊಂಡು, ಮೀನು ಮೇಲೆ ಬಂದಾಗ ಮೆಲ್ಲಗೆ ಎತ್ತಿ.

ಬಾಯಿ ನೇರ ಮುಂದಕ್ಕಿದ್ದರೆ ಅದು ನಡುನೀರಿನದು. ಹಳ್ಳದಲ್ಲಿ ಹೆಚ್ಚು ಸಿಗುವುದೂ ಇದೇ ಗುಂಪು, ತಲೆ ತಿನ್ನುವುದೂ ಇದೇ. ನಮ್ಮ ಜನ ಎಲ್ಲವನ್ನೂ ಸೇರಿಸಿ ‘ಗೆಂಡೆ’ ಎಂದುಬಿಡುತ್ತಾರೆ. ಬಿಡಿಸಿ ನೋಡಲು ಎರಡು ಪ್ರಶ್ನೆ ಬೇಕು: ಮೀಸೆ ಎಷ್ಟು, ಕಪ್ಪು ಚುಕ್ಕೆ ಎಲ್ಲಿ? ಮೀಸೆಯಿಲ್ಲದೆ, ಒಂದು ಚುಕ್ಕೆ ಕಿವಿರಿನ ಹಿಂದೆ, ಇನ್ನೊಂದು ಬಾಲದ ಬುಡಕ್ಕೆ ಸ್ವಲ್ಪ ಮೊದಲು ಇದ್ದರೆ ಪೆಥಿಯಾ ಟಿಕ್ಟೋ. ಮೀಸೆಯಿಲ್ಲದೆ, ಒಂದು ಚುಕ್ಕೆ ಬಾಲದ ಬುಡದಲ್ಲಿ, ಇನ್ನೊಂದು ಬೆನ್ನಿನ ರೆಕ್ಕೆಯ ಬುಡದಲ್ಲಿದ್ದರೆ ಪುಂಟಿಯಸ್ ಸೋಫೋರ್. ಬಾಲದ ಬಳಿ ಚುಕ್ಕೆಯಿದ್ದು, ಬಾಯಿಯ ಪಕ್ಕ ಒಂದು ಜೊತೆ ಪುಟ್ಟ ಮೀಸೆಯಿದ್ದರೆ ಪುಂಟಿಯಸ್ ಚೋಲಾ. ಎರಡು ಜೊತೆ ಮೀಸೆ, ದೊಡ್ಡ ಹುರುಪೆ ಇದ್ದರೆ ಅಂಗೈಗಿಂತ ದೊಡ್ಡದಾಗಿ ಬೆಳೆಯುವ ಸಿಸ್ಟೋಮಸ್ ಸರಾನಾದ ಮರಿ. ಚುಕ್ಕೆಯ ಬದಲು ತಲೆಯಿಂದ ಬಾಲದವರೆಗೆ ಒಂದೇ ಕಪ್ಪು ಗೀರು ಇರುವ ತೆಳು ಮೀನು ರಸ್ಬೋರಾ.

ಮೀಸೆ ಕಾಣದಿದ್ದರೆ ಮೀಸೆ ಇಲ್ಲ ಎಂದು ಬರೆಯಬೇಡಿ. ಚೋಲಾದ ಮೀಸೆ ಕೂದಲೆಳೆಯಷ್ಟೇ ಸಣ್ಣದು, ನೀರಿನಿಂದ ಎತ್ತಿದ ಕೂಡಲೇ ಕೆನ್ನೆಗೆ ಅಂಟಿಕೊಳ್ಳುತ್ತದೆ. ನಾವು ಎರಡು ಬಾರಿ ಮೋಸ ಹೋದೆವು. ಮೀನನ್ನು ನೀರಿನಲ್ಲಿಟ್ಟೇ ನೋಡಬೇಕು. ಅದಕ್ಕೆ ಮಿಠಾಯಿ ಅಂಗಡಿಯ ಚೌಕಾಕಾರದ ಪಾರದರ್ಶಕ ಡಬ್ಬಿ ಚೆನ್ನಾಗಿ ಒದಗುತ್ತದೆ. ದುಂಡು ಬಾಟಲಿಯಲ್ಲಿ ಪ್ರತಿ ಮೀನೂ ಬಸುರಿಯಂತೆ ಕಾಣುತ್ತದೆ.

ಈ ಗುಂಪನ್ನು ಹಿಡಿಯಲು ಹಳೆಯ ಧೋತರ. ಇಬ್ಬರು ಎರಡು ತುದಿ ಹಿಡಿದು, ಕೆಳ ಅಂಚನ್ನು ತಳಕ್ಕೆ ಒತ್ತಿ ನಿಲ್ಲಬೇಕು. ಮೂರನೆಯವರು ಜೊಂಡಿನ ಕಡೆಯಿಂದ ಕಾಲಿನಲ್ಲಿ ನೀರು ಕಲಕುತ್ತ ಬರಬೇಕು. ಕಾದು ಕೂರುವ ಮಕ್ಕಳಿದ್ದರೆ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಒಳಕ್ಕೆ ತುರುಕಿ, ಎರಡು ಚೂರು ಜೋಳದ ರೊಟ್ಟಿ ಹಾಕಿ, ಬಾಯಿ ಹರಿವಿನ ಕೆಳದಿಕ್ಕಿಗೆ ಇರುವಂತೆ ಮುಳುಗಿಸಿ. ವಾಸನೆ ಕೆಳಗೆ ಹರಿಯುತ್ತದೆ, ಮೀನು ಅದರ ಜಾಡು ಹಿಡಿದು ಮೇಲೇರುತ್ತದೆ. ಹೊರಡುವಾಗ ಬಾಟಲಿ ಮರೆತು ಬಂದರೆ ಒಳಗಿನವು ಅಲ್ಲೇ ಸಾಯುತ್ತವೆ, ಆದ್ದರಿಂದ ಹಾಕಿದ ಬಾಟಲಿಗಳನ್ನು ಎಣಿಸಿಟ್ಟುಕೊಳ್ಳಿ.

ಮೈಯೊಳಗಿನ ಬೆನ್ನೆಲುಬು ಕಾಣುವ ಗಾಜಿನಂಥ ಮೀನು ಸಿಕ್ಕರೆ ಮಕ್ಕಳು ಕುಣಿಯುತ್ತಾರೆ. ಅದು ಚಂದಾ ಜಾತಿಯದ್ದಾಗಿರಬಹುದು. ಚಂದಾ ನಾಮಾ ಬೇರೆ ಮೀನುಗಳ ಹುರುಪೆಯನ್ನೇ ಕಿತ್ತು ತಿನ್ನುತ್ತದೆ. ಡಬ್ಬಿಯಲ್ಲಿ ಅದನ್ನು ಒಂಟಿಯಾಗಿಡಿ.

ಬಾಯಿ ಕೆಳಕ್ಕಿದ್ದರೆ ಅದು ತಳದ್ದು. ನಮ್ಮ ಹಳ್ಳದ ತಳವೆಲ್ಲ ಶಹಾಬಾದಿನ ಪರ್ಸಿ ಕಲ್ಲಿನ ಹಾಸು. ಹರಿವಿನ ಕೆಳಗಡೆ ಬಟ್ಟೆ ಹಿಡಿದು, ಕಲ್ಲನ್ನು ಮೆಲ್ಲಗೆ ಎತ್ತಿ, ನೋಡಿದ ಮೇಲೆ ಇದ್ದಂತೆಯೇ ಇಡಬೇಕು, ಅಡಿಯಲ್ಲಿ ಮೊಟ್ಟೆ ಅಂಟಿರಬಹುದು. ಮರಳಿನ ಮೇಲೆ ಕುಳಿತು, ತಲೆಯ ಮೇಲಿನ ಕಣ್ಣುಗಳಿಂದ ನಮ್ಮನ್ನೇ ನೋಡುವುದು ಗ್ಲಾಸೋಗೋಬಿಯಸ್. ಬಾಯಿ ಮೇಲಕ್ಕಿದ್ದರೂ ತಳ ಬಿಡದ ಮೀನು ಇದು, ಅಜ್ಜನ ಸೂತ್ರಕ್ಕೆ ನಾವು ಕಂಡ ಮೊದಲ ಅಪವಾದ.

ಮುಟ್ಟಬಾರದವು ಎರಡು. ಚೇಳು ಮೀನಿನ ಎದೆಯ ಮುಳ್ಳಿನಲ್ಲಿ ವಿಷವಿದೆ, ಚುಚ್ಚಿದರೆ ದೊಡ್ಡವರೂ ಅಳುತ್ತಾರೆ. ಮೀಸೆಯುಳ್ಳ, ಹುರುಪೆಯಿಲ್ಲದ, ನುಣ್ಣಗಿನ ಯಾವ ಮೀನನ್ನೂ ಮಕ್ಕಳ ಕೈಗೆ ಕೊಡಬೇಡಿ. ಇನ್ನೊಂದು, ಮಳೆಗಾಲದಲ್ಲಿ ಕೆಂಗಿತ್ತಳೆ ಬಣ್ಣದ ಮರಿಗಳ ಉಂಡೆ ನೀರಿನ ಮೇಲೆ ಕುದಿಯುವಂತೆ ಕಂಡರೆ ಅದು ಕೊರವ ಮೀನಿನ ಸಂಸಾರ. ತಂದೆತಾಯಿ ಕೆಳಗೇ ಕಾವಲಿರುತ್ತವೆ. ದೊಡ್ಡದನ್ನು ಹಿಡಿದರೆ ಮರಿಗಳು ಬೇರೆ ಮೀನಿನ ಬಾಯಿಗೆ.

ಮರಿಗಳಲ್ಲಿ ನಮ್ಮವಲ್ಲದವೂ ಸೇರಿರುತ್ತವೆ. ಬೆನ್ನಿನ ರೆಕ್ಕೆಯ ಹಿಂಭಾಗದಲ್ಲಿ ಕಪ್ಪು ಚುಕ್ಕೆ, ಮುಂಭಾಗದಲ್ಲಿ ಚೂಪು ಮುಳ್ಳುಗಳಿದ್ದರೆ ಅದು 1952ರಲ್ಲಿ ಭಾರತಕ್ಕೆ ಬಂದ ಆಫ್ರಿಕಾದ ತಿಲಾಪಿಯಾದ ಮರಿ ಇರಬಹುದು. ರೋಹು, ಕಾಟ್ಲಾ ಮರಿಗಳು ಗಂಗೆಯ ಕಡೆಯವು, ಸಾಕಲು ನಮ್ಮ ಕೆರೆಗಳಿಗೆ ಬಿಟ್ಟವು. ಅಂಥ ಕೆರೆಗಳು ಸಾಮಾನ್ಯವಾಗಿ ಗುತ್ತಿಗೆಗೆ ಹೋಗಿರುತ್ತವೆ, ಕೇಳದೆ ಇಳಿಯಬೇಡಿ.

ಜಾಗದ ಬಗ್ಗೆ ನಾನು ಹಟಮಾರಿ. ಭೀಮೆಯ ಮರಳು ತೆಗೆದ ಗುಂಡಿಗಳು, ಪರ್ಸಿ ಗಣಿಯ ಹೊಂಡಗಳು ಬೇಡವೇ ಬೇಡ: ಒಂದು ಹೆಜ್ಜೆ ಮೊಣಕಾಲು, ಮುಂದಿನ ಹೆಜ್ಜೆ ತಲೆ ಮುಳುಗು. ಬ್ಯಾರೇಜಿನ ಕೆಳಗೆ ಬಿಸಿಲಿದ್ದರೂ ನೀರು ಏರಬಹುದು. ಯಾದಗಿರಿ ಕಡೆಯ ಕೃಷ್ಣೆಯಲ್ಲಿ ಮೊಸಳೆಗಳಿವೆ. ಮೂರು ಮಕ್ಕಳಿಗೆ ಒಬ್ಬ ದೊಡ್ಡವರು ನೀರಿನೊಳಗೇ ಇರಬೇಕು, ದಂಡೆಯಲ್ಲಿ ಮೊಬೈಲ್ ನೋಡುತ್ತಲ್ಲ. ಡಿಸೆಂಬರಿನಿಂದ ಫೆಬ್ರವರಿವರೆಗೆ ನೀರು ತಿಳಿಯಾಗಿರುತ್ತದೆ. ಮಳೆಗಾಲದಲ್ಲಿ ಕರಿಮಣ್ಣು ಕದಡಿ ಏನೂ ಕಾಣುವುದಿಲ್ಲ.

ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟಬೇಕು, ಒಣ ಕೈಗೆ ಅದರ ಲೋಳೆ ಅಂಟಿ ಕಿತ್ತುಬರುತ್ತದೆ. ಡಬ್ಬಿ ನೆರಳಿನಲ್ಲಿರಲಿ. ನೀರು ಬಿಸಿಯಾದಷ್ಟೂ ಅದರಲ್ಲಿ ಉಳಿಯುವ ಆಮ್ಲಜನಕ ಕಡಿಮೆ. ಮೀನಿನ ಮೂತಿ ಎಡಕ್ಕಿರುವಂತೆ ಚಿತ್ರ ಬರೆದುಕೊಂಡರೆ ಪುಸ್ತಕದ ಚಿತ್ರಗಳ ಪಕ್ಕ ಇಟ್ಟು ಹೋಲಿಸುವುದು ಸುಲಭ.

ನಾಲ್ಕನೆಯ ಭಾನುವಾರ ಕಲ್ಲಿನಡಿಯಿಂದ ಬೆರಳುದ್ದದ ಗಾರಾ ಸಿಕ್ಕಿತು. ಕಲ್ಲಿಗೆ ಅಂಟಿ ಹರಿವಿಗೆ ಎದುರು ನಿಲ್ಲುವ ಮೀನದು. ಡಬ್ಬಿಗೆ ಬಿಟ್ಟ ಕೂಡಲೇ ಗೋಡೆಗೆ ಅಂಟಿತು. ಹೊರಗಿನಿಂದ ಅದರ ಕೆಳತುಟಿಯ ಹಿಂದಿನ ದುಂಡು ತಟ್ಟೆ ಮುದ್ರೆ ಒತ್ತಿದಂತೆ ಸ್ಪಷ್ಟವಾಗಿ ಕಂಡಿತು. ಹುಡುಗಿ ಅದನ್ನೇ ಬರೆದುಕೊಂಡಳು. ಬಿಡುವ ಹೊತ್ತಿಗೆ ಡಬ್ಬಿಯನ್ನು ಓರೆ ಮಾಡಿ ಹಳ್ಳದಲ್ಲಿ ಮುಳುಗಿಸಿದರೂ ಅದು ಕದಲಲಿಲ್ಲ. “ಮಾಮಾ, ಬೆರಳಿನಿಂದ ಬಿಡಿಸಲಾ?” ಎಂದಳು. ಬೇಡ ಎಂದೆ. ಕೈ ಮರಗಟ್ಟುವವರೆಗೆ ಇಬ್ಬರೂ ಡಬ್ಬಿ ಹಿಡಿದು ನಿಂತೆವು. ಆಮೇಲೆ ನೋಡಿದಾಗ ಡಬ್ಬಿ ಖಾಲಿಯಿತ್ತು. ಅದು ಹೋದದ್ದನ್ನು ಇಬ್ಬರೂ ಕಾಣಲಿಲ್ಲ.